ಕುರ್ಚಿ ಬಿಟ್ಟಿಳಿಯದ ಹುಡುಗಿ

ಹಿಂದಿನ ತಿಂಗಳ ಒಂದು ಭಾನುವಾರ, ರೇಷ್ಮೆ ಸೀರೆಗಳನ್ನು ಒಗೆಯಲೆಂದು ಅಂಟುವಾಳದ ಕಾಯಿ ಕಿವುಚುತ್ತ ಕುಳಿತಿದ್ದೆ. ಬುರುಗಿನೊಂದಿಗೆ ಆ ವಾಸನೆ ಎದ್ದಿತು. ಒಗರು, ಒಂದಿಷ್ಟು ಹುಳಿ, ಹಳೆಯ ಮರದ ಪೆಟ್ಟಿಗೆ ತೆರೆದಂತೆ... ಕೈ ತಾನಾಗಿಯೇ ನಿಂತಿತು.

ನನ್ನದು ಕೆಲಸದ ನಡುವೆ ನಿಲ್ಲುವ ಕೈಯಲ್ಲ. ತಂದೆ ರೈಲ್ವೆಯವರು. ಸ್ಟೇಶನ್ ಬಜಾರದ ಹಿಂದಿನ ಕ್ವಾರ್ಟರ್ಸಿನಲ್ಲಿ ನಾವು ಗಾಡಿಗಳ ವೇಳೆಗೆ ಎದ್ದು, ಗಾಡಿಗಳ ವೇಳೆಗೆ ಉಂಡು ಬೆಳೆದವರು. ಆಮೇಲೆ ನರ್ಸಿಂಗ್ ತರಬೇತಿ, ಆಮೇಲೆ ವಾರ್ಡು. ಹಾಸಿಗೆಯ ಮೂಲೆಯನ್ನು ಹೇಗೆ ಮಡಿಸಬೇಕು, ಗಾಯವನ್ನು ಎಲ್ಲಿಂದ ಎಲ್ಲಿಗೆ ಒರೆಸಬೇಕು, ಎಲ್ಲಕ್ಕೂ ಕ್ರಮವಿತ್ತು. ಆ ಕ್ರಮ ನನಗೆ ಹಿಡಿಸಿತ್ತು. ನಿವೃತ್ತಳಾಗಿ ಸೇಡಂ ರಸ್ತೆಯ ಈ ಮನೆಗೆ ಬಂದ ಮೇಲೂ ಭಾನುವಾರದ ಕೆಲಸ ಭಾನುವಾರವೇ ಮುಗಿಯುತ್ತದೆ. ಅಂದು ಮಾತ್ರ ಸೀರೆಗಳನ್ನು ಬಕೆಟ್ಟಿನಲ್ಲೇ ಬಿಟ್ಟು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಕಾಕು ನೆನಪಾಗಿದ್ದರು.

ಕಾಕು ನನ್ನ ಸಂಬಂಧಿಕರಲ್ಲ. ಮೊದಲ ನೌಕರಿ ಸಿಕ್ಕಾಗ ಇದೇ ಊರಿನ ಬ್ರಹ್ಮಪುರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದೆ. ಆ ಮನೆಯ ಒಡತಿ ಅವರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ, ವಯಸ್ಸು ಅರವತ್ತರ ಆಸುಪಾಸು. ಚಿಕ್ಕಮ್ಮನನ್ನು ಕರೆಯುವ ಮರಾಠಿಯ ರೂಢಿಯಂತೆ ಓಣಿಯವರೆಲ್ಲ ಕಾಕು ಎನ್ನುತ್ತಿದ್ದರು, ನಾನೂ ಅಂದೆ. ಗಿಡ್ಡ ಆಳು, ಚುರುಕು ನಡಿಗೆ, ಮಾತು ಅದಕ್ಕಿಂತ ಚುರುಕು. ಅವರ ಗೋಡೆಯ ಗಡಿಯಾರ ಎಂದೋ ನಿಂತುಹೋಗಿತ್ತು. ಅದನ್ನು ರಿಪೇರಿ ಮಾಡಿಸಬೇಕೆಂದು ಅವರಿಗೆ ಅನ್ನಿಸಿರಲೇ ಇಲ್ಲ. ಹಸಿವಾದಾಗ ಅಡುಗೆ, ನಿದ್ದೆ ಬಂದಾಗ ಹಾಸಿಗೆ. ಮನಸ್ಸು ಬಂದರೆ ನಡುಮಧ್ಯಾಹ್ನ ಹಾಡುತ್ತ ಹಪ್ಪಳ ಕರಿಯುತ್ತಿದ್ದರು. ನನ್ನ ಕೈಗಡಿಯಾರ ಕಂಡರೆ ಅವರಿಗೆ ಎಲ್ಲಿಲ್ಲದ ಮೋಜು.

"ಏನವಾ, ಇವತ್ತ ನಗೋದು ಎಷ್ಟ್ ಗಂಟೆಕ್ಕ ಇಟ್ಕೊಂಡೀದಿ?" ಎಂದು ಕೇಳುವರು. ನಾನು ನಗದಿದ್ದರೆ, "ಆತು ಬಿಡು, ಟೈಮ್ ಇನ್ನಾ ಆಗಿಲ್ಲ" ಎನ್ನುವರು.

ನಾನು ಹೇಳಹೊರಟ ದಿನವೂ ಒಂದು ಭಾನುವಾರವೇ. ಮಳೆಗಾಲ ಮುಗಿಯುತ್ತ ಬಂದಿತ್ತು. ಕಾಕು ಅಂಗಳದಲ್ಲಿ ತಮ್ಮ ಹಳೆಯ ಪಟ್ಟೆ ಸೀರೆಯನ್ನು ಅಂಟುವಾಳದ ನೀರಿನಲ್ಲಿ ಅದ್ದುತ್ತಿದ್ದರು. ಆಗ ಬಾಗಿಲಲ್ಲಿ ಕಮಲಾಪುರದ ಹಣ್ಣಿನವಳು ಬುಟ್ಟಿ ಇಳಿಸಿದಳು. ಅವಳ ಬುಟ್ಟಿಯಲ್ಲಿ ಆ ಊರಿನ ಕೆಂಪು ಬಾಳೆಹಣ್ಣು ಬಿಟ್ಟರೆ ಬೇರೆ ಹಣ್ಣು ಇರುತ್ತಿರಲಿಲ್ಲ. ಕಾಕುವಿನ ತವರು ಕಮಲಾಪುರ. ಅಲ್ಲಿಯ ವಾಡೆಯಲ್ಲಿ, ಹಳೆಯ ಕಾಲದ ದೊಡ್ಡ ಮನೆಯಲ್ಲಿ, ಅವರ ಅಣ್ಣನ ಮಗನ ಸಂಸಾರವಿತ್ತು. ಹೀಗಾಗಿ ಹಣ್ಣಿನ ಜೊತೆ ತವರಿನ ಸುದ್ದಿಯೂ ಬರುತ್ತಿತ್ತು.

"ಯವ್ವಾ, ನಿಮ್ಮ ವಾಡೇದಾಗಿನ ಕೃಷ್ಣಪ್ಪನ ಪಟ ಹರದದಂತ್ರಿ," ಎಂದಳು ಆಕೆ. "ಮಳಿಗಿ ಜಂತಿ ಮುರದು ಮ್ಯಾಲ ಬಿತ್ತಂತ. ಭಿನ್ನ ಆದ ದೇವರು ಮನ್ಯಾಗ ಇರಬಾರದಲ್ರೀ. ಇವತ್ತ ಮಧ್ಯಾನ್ನ ವಾದ್ಯ ಹಚ್ಚಿ ಕೆರಿಗಿ ಬಿಡಾಕತ್ತಾರ."

ಕಾಕುವಿನ ಕೈಯಿಂದ ಸೀರೆ ಜಾರಿ ಬಕೆಟ್ಟಿಗೆ ಬಿತ್ತು.

"ಇವತ್ತ? ನನಗ ಒಂದ್ ಮಾತ ಹೇಳಲಾರ್ದ?"

ಮುಂದಿನದೆಲ್ಲ ಬಹಳ ಬೇಗ ನಡೆಯಿತು. ಕಾಕು ಒಂದು ಖಾಲಿ ಬಾಟಲಿ ಹುಡುಕಿ, ಬಕೆಟ್ಟಿನ ಅಂಟುವಾಳದ ನೀರನ್ನೇ ಅದಕ್ಕೆ ಸುರಿದು ಬಿರಡೆ ಹಾಕಿದರು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ನನ್ನ ಕಡೆ ತಿರುಗಿದರು.

"ಗಡಿಯಾರ ಕಟ್ಟಿಕೋ. ಒಮ್ಮ್ಯಾರೆ ಅದು ನನ್ನ ಉಪಯೋಗಕ್ಕ ಬರಲಿ. ದವಾಖಾನಿ ಹತ್ತಿ ಇದ್ರ ಅದನ್ನೂ ತಗೋ. ನಡಿ!"

ನಾನು ಸಮವಸ್ತ್ರಕ್ಕೆ ಗಂಜಿ ಹಾಕಲು ಕುಳಿತಿದ್ದೆ. ಗಂಜಿ ಒಲೆಯ ಮೇಲಿತ್ತು. ಒಲೆ ಆರಿಸಿ, ಕೋಣೆಗೆ ಬೀಗವನ್ನೂ ಹಾಕದೆ ಅವರ ಹಿಂದೆ ಓಡಿದೆ. ಟಾಂಗಾದವನಿಗೆ ಕಾಕು ಬಸ್ ನಿಲ್ದಾಣದವರೆಗೂ "ಹೊಡಿಯೋ, ಹೊಡಿಯೋ" ಎನ್ನುತ್ತಲೇ ಇದ್ದರು. ಅವನು ಕೊನೆಗೆ, "ಅಮ್ಮಾ, ಇದು ಘೋಡಾ ಅದ, ವಿಮಾನ ಅಲ್ಲ!" ಎಂದ.

ಬಸ್ಸು ಊರು ದಾಟಿ ತೊಗರಿ ಹೊಲಗಳ ನಡುವೆ ಬಂದ ಮೇಲೆ ಅವರು ನನ್ನ ಕಿವಿಯ ಹತ್ತಿರ ಬಾಗಿದರು.

"ಅದು ಕೃಷ್ಣ ಅಲ್ಲವಾ. ನಮ್ಮ ಮಡಿ ಅಜ್ಜಿ."

ಆ ವಿಷಯ ಕಾಕು ಹೇಳಿದಷ್ಟು ಸ್ವಾರಸ್ಯವಾಗಿ ಹೇಳಲು ನನಗೆ ಬರುವುದಿಲ್ಲ. ಮಡಿ ಅಜ್ಜಿ ಎಂದರೆ ಕಾಕುವಿನ ತಂದೆಯ ಸೋದರತ್ತೆ. ಆಕೆ ಚಿಕ್ಕವಳಿದ್ದಾಗ, ಅಂದರೆ ಹೋದ ಶತಮಾನಕ್ಕೂ ಹಿಂದಿನ ಶತಮಾನದಲ್ಲಿ, ವಾಡೆಯ ಯಜಮಾನರಾದ ಅವಳ ತಂದೆಯ ಚಿತ್ರ ಬರೆಯಲು ಹೈದರಾಬಾದಿನಿಂದ ಒಬ್ಬ ಚಿತ್ರಗಾರ ಬಂದನಂತೆ. ಅವರಿಗಾಗಿ ಕುರ್ಚಿ ಹಾಕಿ ಇಟ್ಟರೆ ಈ ಹುಡುಗಿ ಕೈಯಲ್ಲಿ ಅರ್ಧ ಸುಲಿದ ಬಾಳೆಹಣ್ಣು ಹಿಡಿದು ಅದನ್ನು ಏರಿ ಕುಳಿತಳು. ಇಳಿ ಎಂದರೆ ಇಳಿಯಲಿಲ್ಲ. ತಾಯಿ ಗದರಿದಳು, ಆಳುಗಳು ಎತ್ತಲು ಬಂದರು. ಕುರ್ಚಿಯ ಕೈಯನ್ನು ಅಪ್ಪಿಕೊಂಡಳು. ತಂದೆಗೆ ನಗು ಬಂದು, "ಮೊದಲ ಈಕಿದಽ ಬರಿಯಪಾ" ಎಂದರಂತೆ. ಹಣ್ಣು ಕೆಳಗಿಡು ಎಂದ ಚಿತ್ರಗಾರ. ಇಡಲಿಲ್ಲ. ಸ್ವಲ್ಪ ನಗು ಎಂದ. ನಗಲಿಲ್ಲ. ಅವನು ಇದ್ದದ್ದನ್ನು ಇದ್ದ ಹಾಗೆ ಬರೆದ. ಮುಂದೆ ಚಾಚಿದ ಕೆಳತುಟಿ, ಗಂಟಿಕ್ಕಿದ ಹುಬ್ಬು, ಮುಷ್ಟಿಯಲ್ಲಿ ಹಣ್ಣು.

ಕೆಲವು ವರ್ಷಗಳಲ್ಲಿ ಮದುವೆಯಾಯಿತು. ಮೈನೆರೆಯುವ ಮೊದಲೇ ಗಂಡ ಸತ್ತ. ಆ ಕಾಲದ ಪದ್ಧತಿಯಂತೆ ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ ತವರಿನ ಮೂಲೆಗೆ ಕೂಡಿಸಿದರು. ಜಡೆ, ಬಳೆ, ಒಡವೆ ತೊಟ್ಟ ಅವಳ ಚಿತ್ರ ನಡುಮನೆಯ ಗೋಡೆಯ ಮೇಲೆ ಇರುವಂತಿರಲಿಲ್ಲ. ಸುಟ್ಟುಬಿಡಿ ಎಂದರಂತೆ ಹಿರಿಯರು. ತಾಯಿ ಒಪ್ಪಿದಂತೆ ಮಾಡಿ, ಗುಡಿಯ ಗೋಡೆಗೆ ಬಣ್ಣ ಹಚ್ಚುವವನೊಬ್ಬನನ್ನು ಗುಟ್ಟಾಗಿ ಕರೆಸಿದಳು. ಅವನು ಹುಡುಗಿಯ ತಲೆಗೆ ಒಂದು ನವಿಲುಗರಿ ಬರೆದ, ಕೈಯ ಹಣ್ಣಿನ ಮೇಲೆ ಕೊಳಲು ಬರೆದ. ಪಟ ದೇವರ ಕೋಣೆ ಸೇರಿ ಬಾಲಕೃಷ್ಣನಾಯಿತು. ದೀಪದ ಮಸಿ ಹಿಡಿಯಿತು, ತಾಯಿ ಸತ್ತಳು, ಗೊತ್ತಿದ್ದವರೆಲ್ಲ ಸತ್ತರು. ಮಡಿ ಅಜ್ಜಿ ಮಾತ್ರ ಮುದುಕಿಯಾಗುವವರೆಗೂ ದಿನಾ ತನ್ನ ಚಿತ್ರದ ಮುಂದೆ ತಾನೇ ದೀಪ ಹಚ್ಚಿದಳು...

"ಬತ್ತಿ ಹೊಸ್ಯಾಗ ನನ್ನ ಮುಂದ ಹೇಳಿ ನಗತಿದ್ದಳು," ಎಂದರು ಕಾಕು. "'ನನ್ನ ಬಾಳಿಹಣ್ಣ ಕಸ್ಕೊಂಡು ಕೊಳಲ ಕೊಟ್ರ ನೋಡ, ಊದ್ಲಿಕ್ಕೆ ನನಗೆಲ್ಲಿ ಬರತದ?' ಅಂತ."

"ಮತ್ತ ಇಷ್ಟ ವರ್ಷ ಯಾಕ ಸುಮ್ಮನಿದ್ರಿ ಕಾಕು?"

"ದೇವರು ಅಂತ ಉಳಿದಿದ್ದಳು. ಖರೇ ಹೇಳಿದ್ರ ಅಟ್ಟಕ್ಕ ಒಗೀತಿದ್ರು. ಈಗ ನೋಡು, ದೇವರು ಅಂತನ ಮುಳುಗಸ್ತಾರ."

ಮಡಿಲಲ್ಲಿದ್ದ ಬಾಟಲಿಯ ಬಿರಡೆಯನ್ನು ಒತ್ತಿ ಬಿಗಿ ಮಾಡಿದರು. ಆಮೇಲೆ ದನಿ ತಗ್ಗಿಸಿ ಹೇಳಿದರು.

"ಹಣ್ಣ ನಾನೂ ನೋಡಿಲ್ಲವಾ. ಮುದುಕಿ ಮಾತ ಒಂದ ನನ್ನ ಹತ್ರ ಇರೋದು."

ಕಮಲಾಪುರದಲ್ಲಿ ಇಳಿಯುತ್ತಿದ್ದಂತೆಯೇ ಜಾಗಟೆಯ ಸದ್ದು ಕೇಳಿಸಿತು. ಓಡಿದೆವು. ಕಾಕುವಿನ ಒಂದು ಚಪ್ಪಲಿ ಹಾದಿಯಲ್ಲೇ ಉಳಿಯಿತು. ಬಾಳೆ ತೋಟಗಳ ನಡುವಿನ ದಾರಿಯಲ್ಲಿ ಮೆರವಣಿಗೆ ಕೆರೆಯ ಕಡೆ ಅರ್ಧಕ್ಕೂ ಹೆಚ್ಚು ಸಾಗಿತ್ತು. ಮುಂದೆ ಶಂಖ ಜಾಗಟೆ, ನಡುವೆ ಮಣೆಯ ಮೇಲೆ ಹೂವಿನಲ್ಲಿ ಮುಚ್ಚಿಹೋದ ಪಟ, ಪಕ್ಕದಲ್ಲಿ ಆಚಾರ್ಯರು, ಹಿಂದೆ ಅರ್ಧ ಊರು. ಕಾಕು ಅಡ್ಡ ತೋಟ ಹಾಯ್ದು ಎಲ್ಲರಿಗಿಂತ ಮುಂದೆ ಹೋದವರೇ ದಾರಿಯ ಮಧ್ಯೆ ಕುಳಿತುಬಿಟ್ಟರು. ಅಲ್ಲಿ ಕೆಸರಿತ್ತು. ಅದನ್ನು ಅವರು ನೋಡಲೂ ಇಲ್ಲ.

ಜಾಗಟೆ ನಿಂತಿತು.

"ಅತ್ಯಾ! ಇದೇನ್ರಿ ಇದು? ಏಳ್ರಿ!" ಎಂದ ಅಣ್ಣನ ಮಗ.

"ಪಟ ಇಳಸು, ಏಳತೀನಿ."

"ಭಿನ್ನ ಆಗ್ಯದರಿ. ಮನ್ಯಾಗ ಸಣ್ಣ ಮಕ್ಕಳದಾವ. ಹೆಚ್ಚು ಕಡಿಮಿ ಆದ್ರ ಯಾರು ನೋಡ್ಕೋಬೇಕು?"

"ಅದು ದೇವರ ಅಲ್ಲಂದ ಮ್ಯಾಲ ಎಲ್ಲೀ ಭಿನ್ನ? ಅದು ನಮ್ಮ ಮನಿ ಹುಡುಗಿ. ನಿನ್ನ ಮುತ್ತಜ್ಜನ ತಂಗಿ. ತಲಿ ಬೋಳಿಸಿ ಮೂಲ್ಯಾಗ ಕೂಡ್ಸಿದ್ರಲ್ಲ, ಆಕಿ."

ಅರ್ಧ ಊರು ಒಮ್ಮೆಲೇ ಮಾತಾಡಿತು. ಅಣ್ಣನ ಮಗನ ಮುಖ ಕಪ್ಪಿಟ್ಟಿತು. ನೂರು ವರ್ಷದ ಮನೆದೇವರನ್ನು ಹೆಣ್ಣುಮಗಳೊಬ್ಬಳು, ಅದೂ ಕೊಟ್ಟ ಹೆಣ್ಣುಮಗಳು, ಕೆಸರಿನಲ್ಲಿ ಕುಳಿತು ಅಲ್ಲಗಳೆಯುತ್ತಿದ್ದಳು. "ಅತ್ಯಾಗ ವಯಸ್ಸಾಗ್ಯದ, ಎತ್ರೀ" ಎಂದ ಅವನು. ಇಬ್ಬರು ಹೆಂಗಸರು ಮುಂದೆ ಬಂದರು. ಕಾಕು ಪಕ್ಕದ ಬಾಳೆಗಿಡವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡರು.

ನನಗೆ ಆ ಗಡಿಬಿಡಿಯಲ್ಲೂ ನಗು ಬಂತು. ಕುರ್ಚಿಯ ಕೈ ಹಿಡಿದ ಹುಡುಗಿ ಯಾರ ಮನೆಯವಳು ಎಂಬುದರಲ್ಲಿ ನನಗಂತೂ ಸಂಶಯ ಉಳಿಯಲಿಲ್ಲ.

"ಆಚಾರ್ಯರ, ನೀವು ಹೇಳ್ರಿ," ಎಂದರು ಕಾಕು ಗಿಡ ಬಿಡದೆ. "ನೀರಾಗ ಹಾಕಿದ್ರೂ ಮೊದಲ ಕೊಳಲ ಕರಗತದ. ಹಿಂದಿಂದ ಆಕಿ ಎದ್ದು ಕೂಡತಾಳ. ಆವಾಗ ಕೆರಿಗಿ ಹಾರಿ ತರೋಕಿಂತ ಈಗ ಒರಸಿ ನೋಡ್ರಿ. ಕೊಳಲಿನ ಕೆಳಗ ನಮ್ಮೂರ ಬಾಳಿಹಣ್ಣ ಇಲ್ಲದಿದ್ರ, ನಾನ ನನ್ನ ಕೈಲೆ ನೀರಿಗಿ ಬಿಡತೀನಿ. ಮತ್ತ ಈ ಊರ ಹೊಸ್ತಲಾ ತುಳಿಯಂಗಿಲ್ಲ."

ಆಚಾರ್ಯರು ವಯಸ್ಸಾದವರು, ತಾಳ್ಮೆಯವರು. ಪಟದ ಕಡೆ ನೋಡಿದರು, ಕಾಕುವಿನ ಕಡೆ ನೋಡಿದರು. "ಮುಹೂರ್ತ ಇನ್ನಾ ಅದ. ಒರಸ್ರಿ," ಎಂದರು.

ಕಾಕು ಬಾಟಲಿಯನ್ನು ನನ್ನ ಕೈಗೆ ಕೊಟ್ಟರು. "ನನ್ನ ಕೈ ಕೆಸರಾಗ್ಯದ. ನೀನ ಒರಸು."

ಪಟವನ್ನು ಮಣೆಯ ಸಮೇತ ನೆರಳಿಗೆ ಇಳಿಸಿದರು. ಹೂ ಸರಿಸಿದಾಗ ಮೊದಲ ಬಾರಿ ನೋಡಿದೆ. ಮಸಿ, ಎಣ್ಣೆ, ಕುಂಕುಮ. ಒಂದು ಮೂಲೆಯಿಂದ ಮೊಣಕಾಲಿನವರೆಗೆ ಹರಿದ ಬಟ್ಟೆ. ಆ ಮಸಿಯ ಒಳಗಿಂದ ಎರಡು ಕಣ್ಣು ನನ್ನನ್ನೇ ದಿಟ್ಟಿಸುತ್ತಿದ್ದವು. ಎಷ್ಟೋ ಮಕ್ಕಳಿಗೆ ಸೂಜಿ ಚುಚ್ಚಿದ್ದೇನೆ, ಆ ನೋಟ ನನಗೆ ಗೊತ್ತು. ಏನು ಮಾಡಿದರೂ ಅಳುವುದಿಲ್ಲ ಎಂದು ಮೊದಲೇ ಶಪಥ ಮಾಡಿದ ಮಗುವಿನ ನೋಟ.

ಹತ್ತಿಯನ್ನು ಉಂಡೆ ಮಾಡಿದೆ. ನೀರಿನಲ್ಲಿ ಅದ್ದಿ ಹಿಂಡಿದೆ. ಗಾಯ ಒರೆಸುವ ಕ್ರಮದಲ್ಲೇ ನಡುವಿನಿಂದ ಅಂಚಿಗೆ, ಒಂದು ಉಂಡೆಗೆ ಒಂದೇ ಸಲ. ಮೊದಲ ಉಂಡೆ ಕರ್ರಗಾಯಿತು. ಎರಡನೆಯದೂ ಕರ್ರಗಾಯಿತು. ಆಮೇಲಿನದರಲ್ಲಿ ಹಳದಿ ಬಂತು, ಕೊಳಲಿನ ಬಣ್ಣ. ಗೋಡೆಗೆ ಹಚ್ಚುವ ಅಂಟುಬಣ್ಣ, ನೀರು ತಾಗಿದ್ದೇ ಬಿಡತೊಡಗಿತು. ಹಳದಿ ಹೋದ ಮೇಲೆ ಕೆಳಗೆ ಬರೀ ಕಂದು. ಮತ್ತೊಮ್ಮೆ ಒರೆಸಿದೆ. ಮತ್ತೂ ಕಂದು. ಕಾಕುವಿನ ಉಸಿರು ನನ್ನ ಕುತ್ತಿಗೆಗೆ ತಾಗುತ್ತಿತ್ತು.

"ಮುಗೀತಲ್ಲರಿ," ಎಂದ ಅಣ್ಣನ ಮಗ ಮೆಲ್ಲಗೆ. ಅವನ ದನಿಯಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ.

ಹೊಸ ಉಂಡೆ ತೆಗೆದುಕೊಂಡೆ. ಒರೆಸಲಿಲ್ಲ, ಆ ಕಂದಿನ ಮೇಲೆ ಒತ್ತಿ ಹಿಡಿದೆ. ಒಣಗಿದ ಕೀವನ್ನು ಸಡಿಲಿಸಲು ನಾವು ಹಾಗೆ ಮಾಡುತ್ತಿದ್ದೆವು. ಹಿಡಿದೇ ಇದ್ದೆ. ನಿಧಾನವಾಗಿ ಎತ್ತಿದೆ...

ಕೆಂಪು!

ಬರೀ ಕೆಂಪಲ್ಲ. ಒಳಗೆ ನೇರಳೆಯ ಛಾಯೆ ಇರುವ, ಕಮಲಾಪುರದ ತೋಟದಲ್ಲಿ ಮಾತ್ರ ಕಾಣುವ ಆ ಕೆಂಪು. ಅದರ ಮೇಲೆ ಸುಲಿದು ಕೆಳಗೆ ಜೋತುಬಿದ್ದ ಸಿಪ್ಪೆ. ಸಿಪ್ಪೆಯ ಮೇಲೆ ಕಚ್ಚಿದ ಹಣ್ಣಿನ ಕೆನೆಬಿಳುಪು. ಹಣ್ಣಿನೊಳಗೆ ಹೂತ ಪುಟ್ಟ ಹೆಬ್ಬೆರಳು. ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಉಗುರಿನ ಹತ್ತಿರ ಹಣ್ಣು ನಜ್ಜಾಗಿತ್ತು. ಚಿತ್ರಗಾರ ಅದನ್ನೂ ಬಿಟ್ಟಿರಲಿಲ್ಲ.

"ಅರೇ! ನಮ್ಮ ತ್ವಾಟದ ಹಣ್ಣ ರೀ ಇದು!" ಎಂದು ಕೂಗಿದ ಗುಂಪಿನ ನಡುವಿನ ಒಬ್ಬ ಮುದುಕ. ಆಮೇಲೆ ಯಾರು ಏನು ಹೇಳಿದರೆಂದು ತಿಳಿಯದಷ್ಟು ಗದ್ದಲ. ಹೆಂಗಸರು ನುಗ್ಗಿ ಬಂದರು. ಜಾಗಟೆಯವನು ಕಾರಣವಿಲ್ಲದೆ ಬಾರಿಸತೊಡಗಿದ. ಕಾಕು ಮಾತ್ರ ಕೆಸರುಗೈಯಲ್ಲಿ ಬಾಯಿ ಮುಚ್ಚಿಕೊಂಡು ಆ ಹೆಬ್ಬೆರಳನ್ನು ನೋಡುತ್ತಿದ್ದರು.

ಗರಿಯನ್ನೂ ಒರೆಸಲು ಹೊಸ ಹತ್ತಿ ತೆಗೆದೆ. ಅವರು ನನ್ನ ಮಣಿಕಟ್ಟು ಹಿಡಿದರು. "ಬ್ಯಾಡ. ಅದು ಇರಲಿ. ಅದು ಆಕಿ ಅವ್ವ ಇಟ್ಟದ್ದು."

ಅಣ್ಣನ ಮಗ ಆಚಾರ್ಯರನ್ನು ಕೇಳಿದ. "ಹಂಗಾರ ಇಷ್ಟ ವರ್ಷ ನಾವು ಮಾಡಿದ ಪೂಜಿ?"

ಅವರು ಉತ್ತರಿಸುವ ಮೊದಲೇ ಕಾಕು ಅಂದರು: "ಆಕಿ ಬದುಕಿದ್ದಾಗ ಒಂದ ಹೂವ ಯಾರೂ ಕೊಡಲಿಲ್ಲೋ ತಮ್ಮಾ. ಗೊತ್ತಿಲ್ಲದಽ ದಿನಾ ಕೊಟ್ಟೀರಿ. ಏನ್ ತಪ್ಪಾತು?"

ಆಚಾರ್ಯರು ಜೋರಾಗಿ ನಕ್ಕುಬಿಟ್ಟರು. ಅಣ್ಣನ ಮಗ ನಗಲಿಲ್ಲ. ಕೆರೆಗೆ ಬಿಡುವುದಿಲ್ಲ, ಆದರೆ ಮನೆಯೊಳಗೂ ಬೇಡ, ಬೇಕಾದರೆ ನೀವೇ ಒಯ್ಯಿರಿ ಎಂದ. ಕಾಕು ಒಂದು ಕೌದಿ ಕೇಳಿ ಇಸಿದುಕೊಂಡರು.

ಸಂಜೆಯ ಬಸ್ಸಿನಲ್ಲಿ ಹುಡುಗಿ ನಮ್ಮಿಬ್ಬರ ನಡುವೆ ಕೌದಿ ಹೊದ್ದು ನಿಂತಿದ್ದಳು. ಕಂಡಕ್ಟರ್ ಇಣುಕಿ ನೋಡಿದ. "ಅಜ್ಜೀ, ಈಕಿಗಿ ಅರ್ಧ ಟಿಕೀಟ ಆಗತದ ನೋಡ್ರಿ."

"ಅರ್ಧ? ನಿಮ್ಮ ಮುತ್ತಜ್ಜಿಗಿಂತ ದೊಡ್ಡಕಿ ಆಕಿ. ಪೂರಾ ಹರಿ!"

ನಾನು ನಕ್ಕೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಕಾಕು ನನ್ನ ಗಡಿಯಾರದ ಕಡೆ ಬೆರಳು ತೋರಿಸಿದರು.

ಬ್ರಹ್ಮಪುರದ ಮನೆಯ ಮುಂಗೋಣೆಯಲ್ಲಿ, ಬಾಗಿಲು ತೆರೆದರೆ ಬೀದಿ ಕಾಣುವಂತೆ ಅವಳನ್ನು ತೂಗುಹಾಕಿದರು. ಹೂ ಇಡಲಿಲ್ಲ, ದೀಪ ಹಚ್ಚಲಿಲ್ಲ. "ಆರತಿ ನೋಡಿ ನೋಡಿ ಆಕಿಗೆ ಸಾಕಾಗಿರತದ. ಮಂದಿ ನೋಡಲಿ," ಎನ್ನುತ್ತಿದ್ದರು. ಓಣಿಯ ಹೆಂಗಸರು ಬಂದು ನೋಡಿದರು. ಒಂದೇ ಒಂದು ಆಸೆ ಕಾಕುವಿಗೆ ಉಳಿದಿತ್ತು, ಅದನ್ನು ಆಗಾಗ ಹೇಳುತ್ತಿದ್ದರು. ತಾನು ಇಳಿದ ಗೋಡೆಗೇ ಹುಡುಗಿ ಮರಳಬೇಕು, ತವರಿನ ನಡುಮನೆಗೆ. ಅಣ್ಣನ ಮಗನಿಗೆ ಹೇಳಿ ಕಳಿಸಿದರು. ಅವನು ಬರಲಿಲ್ಲ.

ನನಗೆ ರಾಯಚೂರಿಗೆ ವರ್ಗವಾಯಿತು. ಕಾಕು ತೀರಿಕೊಂಡ ಸುದ್ದಿ ತಲುಪಿದಾಗ ಎಲ್ಲ ಮುಗಿದಿತ್ತು. ಪಟವನ್ನು ಅಣ್ಣನ ಮಗನೇ ಬಂದು ಒಯ್ದನೆಂದು ಯಾರೋ ಹೇಳಿದರು. ಏಕೆ ಒಯ್ದ, ಅಟ್ಟಕ್ಕೋ ಕೆರೆಗೋ... ಕೇಳಲು ನನಗೆ ಧೈರ್ಯ ಬರಲಿಲ್ಲ. ಕೆಲಸವಿತ್ತು, ಕ್ರಮವಿತ್ತು, ವರ್ಷಗಳು ಹೋದವು.

ಆ ಭಾನುವಾರ ಮೆಟ್ಟಿಲ ಮೇಲೆ ಕುಳಿತವಳು ಇಷ್ಟೆಲ್ಲ ನೆನೆದು ಎದ್ದೆ. ಕೈ ತೊಳೆದುಕೊಂಡು ಸೀದಾ ಕಮಲಾಪುರದ ಬಸ್ ಹತ್ತಿದೆ. ಈ ವಯಸ್ಸಿನಲ್ಲಿ ಯಾರಿಗೂ ಹೇಳದೆ ಹಾಗೆ ಹೊರಟದ್ದು ಅದೇ ಮೊದಲು. ವಾಡೆ ಇತ್ತು. ಮುಂದಿನ ಭಾಗ ಹೊಸದಾಗಿ ಕಟ್ಟಿದ್ದರು. ಬಾಗಿಲು ತೆರೆದಾಕೆ ಅಣ್ಣನ ಮಗನ ಮಗಳು, ಅಲ್ಲಿಯೇ ಶಾಲೆಯಲ್ಲಿ ಪಾಠ ಹೇಳುತ್ತಾಳಂತೆ. ನಾನು ಯಾರೆಂದು ಹೇಳುವ ಮೊದಲೇ ಅವಳ ಭುಜದ ಮೇಲಿಂದ ಎರಡು ಕಣ್ಣು ನನ್ನನ್ನು ದಿಟ್ಟಿಸಿದವು.

ನಡುಮನೆಯ ಗೋಡೆ. ಎದುರಿಗೇ. ಕುರ್ಚಿ, ಚಾಚಿದ ತುಟಿ, ಹಣ್ಣು.

"ಅಪ್ಪಾ ತೀರಿ ಹೋಗೂ ಮುಂದ ತಾವಾ ಹಚ್ಚಿಸಿದ್ರು ರೀ," ಎಂದಳು ಆಕೆ. "ಅತ್ಯಾನ ಮಾತು ನಡಸ್ಲಿಲ್ಲ ಅಂತ ಭಾಳ ಅಂತಿದ್ರು. ಒರಸಿದಾಕಿ ನರ್ಸ ಅಂತ... ನೀವಽ ಏನ್ರಿ?"

ನಾನು ಹತ್ತಿರ ಹೋದೆ. ಹರಿದ ಜಾಗ ಈಗ ಹುಡುಕಿದರೂ ಸಿಗುವುದಿಲ್ಲ. ಮಸಿ ಹೋಗಿ ಉಟ್ಟ ಹಸಿರು ಪರಕಾರ, ಬೆಳ್ಳಿಯ ಕಡಗ, ಕಾಲಿನ ಬೆರಳುಗಳು ಕೂಡ ಕಾಣುತ್ತಿದ್ದವು. ಹೈದರಾಬಾದಿನಲ್ಲಿ ಬಲ್ಲವರಿಂದ ಆ ಮಗಳೇ ಶುಚಿ ಮಾಡಿಸಿದ್ದಾಳಂತೆ. ತಲೆಯ ಮೇಲೆ ಗರಿ ಇರಲಿಲ್ಲ.

"ಅದು ಆಮ್ಯಾಲ ಬರದದ್ದಂತ್ರಿ. ಮೂಲ ಚಿತ್ರದ್ದಲ್ಲಂತ. ತಗದರು."

"ಹೌದವಾ, ಮೂಲದ್ದಲ್ಲ," ಎಂದೆ. ಗರಿ ಬರೆಸಿದ ತಾಯಿಯ ಕಥೆಯನ್ನು ಹೇಳಿದೆ. ಆಕೆ ಕೇಳುತ್ತ ಕೇಳುತ್ತ ಗರಿ ಇದ್ದ ಜಾಗದ ಹತ್ತಿರ ಬೆರಳು ಒಯ್ದಳು, ಮುಟ್ಟದೆ ಹಿಂದೆ ತೆಗೆದುಕೊಂಡಳು.

ಆದರೂ ಬಸ್ ನಿಲ್ದಾಣಕ್ಕೆ ನಡೆಯುವಾಗ ನನ್ನ ಹೆಜ್ಜೆ ನೆಲಕ್ಕೆ ಹತ್ತುತ್ತಿರಲಿಲ್ಲ. ಹುಡುಗಿ ಮನೆ ಸೇರಿದ್ದಳು! ಬಂದವರಿಗೆಲ್ಲ ಮೊದಲು ಕಾಣುವ ಗೋಡೆಯ ಮೇಲೆ ಕುಳಿತಿದ್ದಳು. ಬಸ್ಸಿಗೆ ಕಾಯುತ್ತ, ನನ್ನ ರೂಢಿಯಂತೆ, ಹೇಳಬೇಕಾದದ್ದನ್ನು ಮನಸ್ಸಿನಲ್ಲಿ ಒಂದರ ಹಿಂದೆ ಒಂದು ಜೋಡಿಸಿಕೊಂಡೆ. ಮೊದಲು ನಡುಮನೆ. ಆಮೇಲೆ ಅಣ್ಣನ ಮಗ ತಾನೇ ಹಚ್ಚಿಸಿದ್ದು. ಆಮೇಲೆ ಪರಕಾರದ ಹಸಿರು. ಗರಿಯ ವಿಷಯ ಕಟ್ಟಕಡೆಗೆ, ಏಕೆಂದರೆ ಅಲ್ಲಿ ಕಾಕು ರೇಗುತ್ತಾರೆ, ಮುಂದಿನದನ್ನು ಕೇಳುವುದಿಲ್ಲ...

ಬಸ್ಸು ಬಂದು ನಿಂತಿತು. ಎಲ್ಲವನ್ನೂ ಸರಿಯಾಗಿ ಜೋಡಿಸಿಕೊಂಡು ಹತ್ತಿ ಕುಳಿತೆ. ಕಂಡಕ್ಟರ್ ಎಲ್ಲಿಗೆ ಎಂದು ಕೇಳಿದಾಗ ಬಾಯಿಗೆ ಬಂದದ್ದು ಬ್ರಹ್ಮಪುರ. ಅಲ್ಲಿ ಈ ಸುದ್ದಿ ಬೇಕಾದವರು ಯಾರೂ ಇಲ್ಲ ಎಂಬುದು, ಟಿಕೀಟು ಕೈಗೆ ಬಂದ ಮೇಲೆ ಹೊಳೆಯಿತು.